ಮೂರನೆಯ ಚಿತ್ರದ ಗೆರೆ

ಗೆರೆ ಕೆಳಗಿಳಿದಿತ್ತು. ಕನ್ನಡಕದ ದೋಷವಿರಬಹುದೆಂದು ಅವಳು ಅದನ್ನು ತೆಗೆದು, ಬಿಳಿ ಕೋಟಿನ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಗೆರೆ ಕೆಳಗೇ ಇತ್ತು. ಯಂತ್ರದ ಕೋಣೆಗೆ ಕಿಟಕಿಯಿರಲಿಲ್ಲ. ಲೇಸರ್ ಬಿಸಿಯಾಗಬಾರದೆಂದು ಸದಾ ಹಾಕಿಟ್ಟಿರುತ್ತಿದ್ದ ಎ.ಸಿ.ಗೆ ಕಾಲಬೆರಳುಗಳು ಮರಗಟ್ಟಿದ್ದವು, ಆದರೂ ಕಿವಿಯ ಹಿಂದೆ ಬೆವರು ಒಡೆದದ್ದು ಅವಳಿಗೆ ಗೊತ್ತಾಯಿತು. ಪರದೆಯ ಮೇಲಿದ್ದದ್ದು ಸಂಶೋಧನಾ ಪತ್ರಿಕೆಯವರು ಕಳಿಸಿದ ಅಚ್ಚಿನ ಕರಡು. ಕೊನೆಯ ಸಲ ಕಣ್ಣಾಡಿಸಿ, ಅಕ್ಷರದೋಷವಿದ್ದರೆ ತಿದ್ದಿ, ಬೇಗ ವಾಪಸು ಕಳಿಸಿ ಎಂದು ಬರೆದಿದ್ದರು. ಅಕ್ಷರದೋಷವೇನೂ ಇರಲಿಲ್ಲ. ಲೇಖಕರ ಸಾಲಿನಲ್ಲಿ ಎರಡನೆಯದಾಗಿ ಅವಳ ಹೆಸರು, ಜೀವನದಲ್ಲಿ ಮೊದಲ ಬಾರಿಗೆ ಒಂದು ಅಕ್ಷರವೂ ತಪ್ಪದೆ, ಕಪ್ಪಗೆ ಕೂತಿತ್ತು. ತಪ್ಪಿದ್ದದ್ದು ಮೂರನೆಯ ಚಿತ್ರದಲ್ಲಿ. ಅಲ್ಲಿ ಎರಡು ಚೌಕಗಳು. ಎಡಗಡೆಯದು, ಬೇರೆಯವರ ಕಿಡ್ನಿ ಹಾಕಿಸಿಕೊಂಡು ಅದನ್ನು ದೇಹ ಒಪ್ಪದೆ ಹೋದ ರೋಗಿಯ ರಕ್ತ. ಬಲಗಡೆಯದು, ಒಪ್ಪಿಕೊಂಡ ರೋಗಿಯದು. ಎರಡರಲ್ಲೂ ನೀಲಿ ಚುಕ್ಕಿಗಳ ಮೋಡ, ಮೋಡದ ನಡುವೆ ಒಂದು ಅಡ್ಡಗೆರೆ. ಎಡಗಡೆಯ ಗೆರೆ ಅವಳು ಎಳೆದಲ್ಲೇ ಇತ್ತು. ಬಲಗಡೆಯದು ಬೆರಳಗಲ ಕೆಳಗೆ ಜಾರಿತ್ತು. ಜಾರಿದ್ದು ಯಾರ ಕಣ್ಣಿಗೂ ಬೀಳಬಾರದೆಂದು ಅಂಚಿನ ಅಳತೆಯ ಅಂಕಿಗಳನ್ನು ಕತ್ತರಿಸಿ ಹಾಕಿದ್ದರು.

ಯಂತ್ರ ಮಾಡುವ ಕೆಲಸ ಹೇಳುವುದಕ್ಕೆ ಸರಳ. ರಕ್ತದ ಕೋಶಗಳಿಗೆ ಹೊಳೆಯುವ ಬಣ್ಣ ಅಂಟಿಸಿ, ಕೂದಲೆಳೆಯಂಥ ನೀರಿನ ಧಾರೆಯಲ್ಲಿ ಒಂದರ ಹಿಂದೆ ಒಂದನ್ನು ಲೇಸರಿನ ಮುಂದೆ ಹಾಯಿಸುವುದು. ಹಾದುಹೋದ ಪ್ರತಿ ಕೋಶಕ್ಕೂ ಪರದೆಯ ಮೇಲೆ ಒಂದು ಚುಕ್ಕಿ. ಹೆಚ್ಚು ಹೊಳೆದದ್ದು ಮೇಲೆ, ಕಡಿಮೆ ಹೊಳೆದದ್ದು ಕೆಳಗೆ. ಅಲ್ಲಿಯವರೆಗೆ ಸುಳ್ಳಿಗೆ ಎಡೆಯಿಲ್ಲ. ಆಮೇಲೆ ಮನುಷ್ಯ ಬಂದು ಗೆರೆ ಎಳೆಯುತ್ತಾನೆ, ಇದಕ್ಕಿಂತ ಮೇಲಿನವು ನಾವು ಹುಡುಕುತ್ತಿರುವ ಕೋಶಗಳು, ಕೆಳಗಿನವು ಅಲ್ಲ ಎಂದು. ಅವರು ಹುಡುಕುತ್ತಿದ್ದದ್ದು ದೇಹದೊಳಗಿನ ಜಗಳ ಬಿಡಿಸುವ ಕೋಶಗಳನ್ನು. ಹೊರಗಿನಿಂದ ಬಂದ ಕಿಡ್ನಿಯ ಮೇಲೆ ಉಳಿದವು ಮುಗಿಬೀಳದಂತೆ ಸಮಾಧಾನ ಮಾಡುವಂಥವನ್ನು. ಅಂಥವು ಸಾಕಷ್ಟಿರುವ ರೋಗಿಗಳು ಜೀವನಪೂರ್ತಿ ನುಂಗಬೇಕಾದ ಮಾತ್ರೆಗಳನ್ನು ಇಳಿಸಬಹುದು ಎಂಬುದೇ ಪ್ರಬಂಧದ ವಾದ. ಗೆರೆ ಎಳೆಯುವ ಮೊದಲು ಅವಳು, ಆ ಕೋಶಗಳನ್ನು ಗುರುತಿಸುವ ಬಣ್ಣವೊಂದನ್ನು ಮಾತ್ರ ಹಾಕದ ಟ್ಯೂಬನ್ನು ಓಡಿಸಿ, ಬಣ್ಣವಿಲ್ಲದ ಕತ್ತಲು ಎಲ್ಲಿಗೆ ಮುಗಿಯುತ್ತದೆಂದು ನೋಡಿಕೊಂಡಿದ್ದಳು. ಮುಗಿದಲ್ಲಿ ಗೆರೆ. ಯಾವ ರಕ್ತ ಯಾರದೆಂದು ತಿಳಿಯುವ ಮೊದಲೇ ಎಳೆದದ್ದು, ಎಲ್ಲರಿಗೂ ಒಂದೇ. ಈಗ ಬಲಗಡೆಯವನಿಗೆ ಮಾತ್ರ ಯಾರೋ ರಿಯಾಯಿತಿ ಕೊಟ್ಟಿದ್ದರು.

ಬಲಗಡೆಯ ಆ ಮೋಡವನ್ನು ಅವಳು ಗುರುತು ಹಿಡಿದಳು. ಮನುಷ್ಯರ ಮುಖ ಮರೆತುಹೋಗಿ ಮದುವೆ ಮನೆಗಳಲ್ಲಿ ಪೇಚಿಗೆ ಸಿಕ್ಕುವ ಅವಳಿಗೆ ಚುಕ್ಕಿಗಳ ಮೋಡ ಮಾತ್ರ ಮರೆಯುತ್ತಿರಲಿಲ್ಲ. ಅದು ವಾರ್ಡಿನಿಂದ ತಡವಾಗಿ ಬಂದ ರಕ್ತ. ತರುವವರು ಬದಲಾಗಿ, ಮೊಗಸಾಲೆಯ ಕಿಟಕಿಕಟ್ಟೆಯ ಮೇಲೆ ಬಿಸಿಲಲ್ಲಿ ಕೂತಿದ್ದ ಟ್ಯೂಬು. ಕೈಗೆ ತೆಗೆದುಕೊಂಡಾಗ ಗಾಜು ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಅಂಗೈಯಂತೆ. ಓಡಿಸಿ ನೋಡಿದರೆ ಅರ್ಧಕ್ಕರ್ಧ ಕೋಶಗಳು ಸತ್ತಿದ್ದವು. ಸತ್ತ ಕೋಶಕ್ಕೆ ಮಾನ ಮರ್ಯಾದೆ ಇಲ್ಲ. ಪೊರೆ ತೂತುಬಿದ್ದು, ಸಿಕ್ಕ ಸಿಕ್ಕ ಬಣ್ಣವನ್ನೆಲ್ಲ ಕುಡಿದು, ಬದುಕಿದ್ದಾಗ ಇಲ್ಲದ ಹೊಳಪನ್ನು ಸತ್ತ ಮೇಲೆ ತೋರಿಸುತ್ತದೆ. ಅದಕ್ಕೇ ಸತ್ತವನ್ನು ಬೇರೆ ಬಣ್ಣದಿಂದ ಗುರುತಿಸಿ ಮೊದಲು ಹೊರಹಾಕುವುದು, ಹೊರಹಾಕಿದ್ದನ್ನು ಚಿತ್ರದಲ್ಲಿ ತೋರಿಸುವುದು. ಕೆಟ್ಟಿದೆ, ಬಳಸಬೇಡಿ ಎಂದು ಅವಳೇ ಆ ಫೈಲಿಗೆ ಹೆಸರಿಟ್ಟಿದ್ದಳು. ಅದನ್ನೇ ಹುಡುಕಿ ತೆಗೆದು, ಹೊರಹಾಕುವ ಹಂತವನ್ನು ನುಂಗಿ, ಗೆರೆಯನ್ನು ಕೆಳಗಿಳಿಸಿ, ಅಡಿಯಲ್ಲಿ 'ಪ್ರಾತಿನಿಧಿಕ ಮಾದರಿ' ಎಂದು ಬರೆದಿದ್ದರು. ಯಾರ ಪ್ರತಿನಿಧಿ? ಅವಳು ಎದ್ದು ನಿಂತಳು. ಕುರ್ಚಿ ತನ್ನಷ್ಟಕ್ಕೆ ಹಿಂದಕ್ಕೆ ಉರುಳಿ ಗೋಡೆಗೆ ಬಡಿಯಿತು.

ಚಿತ್ರಗಾರ ತನ್ನ ಮೂಲೆಯಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದ. ಯಾರು ಏನು ಕೇಳಿದರೂ ಚೆಂದದ ಚಿತ್ರ ಮಾಡಿಕೊಡುತ್ತಿದ್ದುದರಿಂದ ವಿಭಾಗದವರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದರು. ಡಾಕ್ಟರೇಟ್ ಬಂದ ಮೇಲೂ ಆ ಹೆಸರು ಹೋಗಲಿಲ್ಲ, ಅವನಿಗೂ ಬೇಸರವಿರಲಿಲ್ಲ.

"ಬಲಗಡೆ ಗೆರೆ ಇಳಿಸಿದ್ದು ಯಾರು?" ಅವಳು ಕೇಳಿದಳು.

"ಯಾವ ಗೆರೆ ಮೇಡಂ?" ಅವನು ಕಿವಿಯಿಂದ ಒಂದು ಗುಂಡಿ ಮಾತ್ರ ತೆಗೆದ. "ಓ, ಅದಾ. ದೊಡ್ಡವರು ಸ್ವಲ್ಪ ಅಡ್ಜಸ್ಟ್ ಮಾಡು ಅಂದ್ರು. ವ್ಯತ್ಯಾಸ ಸರಿಯಾಗಿ ಕಾಣ್ತಿಲ್ಲ ಅಂತ ವಿಮರ್ಶಕರು ಬರೆದಿದ್ರಲ್ಲ."

"ಕಾಣ್ತಿಲ್ಲ ಅಂದ್ರೆ ಇಲ್ಲ ಅಂತಲೂ ಇರಬಹುದಲ್ವಾ?"

"ಇದೆ ಮೇಡಂ. ಸ್ವಲ್ಪ ಇದೆ. ಇರೋದನ್ನೇ ಕಾಣೋ ಹಾಗೆ ಮಾಡಿದೀನಿ ಅಷ್ಟೆ."

"ಸತ್ತ ಕೋಶ ತೆಗೆಯೋ ಹಂತ ಎಲ್ಲಿ ಹೋಯ್ತು?"

"ಜಾಗ ಸಾಲ್ಲಿಲ್ಲ. ಒಂದು ಪುಟದಲ್ಲಿ ಎಷ್ಟು ಚೌಕ ಅಂತ ತುರುಕೋದು, ನೀವೇ ಹೇಳಿ."

"ಸತ್ತೋರಿಗೆ ಜಾಗ ಸಾಲ್ದೆ ಬದುಕಿರೋರ ಪಂಕ್ತೀಲಿ ಕೂರಿಸಿಬಿಟ್ಯಾ?"

ಅವನು ನಕ್ಕ. ಕೆಟ್ಟ ನಗುವಲ್ಲ, ನಿಜವಾಗಿಯೂ ತಮಾಷೆಯೆನಿಸಿ ನಕ್ಕ ನಗು. ಮೇಡಂ ಇವತ್ತು ಒಳ್ಳೆ ಮೂಡಿನಲ್ಲಿದ್ದಾರೆ ಎಂದು ಪಕ್ಕದ ಮೇಜಿನವರಿಗೂ ಹೇಳಿದ. ಅವಳ ಸಿಟ್ಟು ಯಾವಾಗಲೂ ಹೀಗೇ, ಬಾಯಿಂದ ಹೊರಬರುವಷ್ಟರಲ್ಲಿ ನಗೆಚಾಟಿಕೆಯಾಗಿ ಮಾರ್ಪಟ್ಟಿರುತ್ತಿತ್ತು. ಮನೆಯಲ್ಲೂ ಅಷ್ಟೇ. ಚಿಕ್ಕಂದಿನಲ್ಲಿ ಅವಳು ಅಳುತ್ತ ಕೂಗಾಡಿದರೆ ಅಕ್ಕ ನಗುತ್ತಿದ್ದಳು, ಮೂಗು ಕೆಂಪಾಗಿದೆ ನೋಡು ಎಂದು ಕನ್ನಡಿ ಹಿಡಿಯುತ್ತಿದ್ದಳು. ಕನ್ನಡಿಯಲ್ಲಿ ಕಂಡ ಕೆಂಪು ಮೂಗಿಗೆ ಅವಳಿಗೇ ನಗು ಬಂದು, ಯಾತಕ್ಕೆ ಸಿಟ್ಟಾದೆನೆಂಬುದೇ ಮರೆತುಹೋಗುತ್ತಿತ್ತು. ಈಗ ಮರೆಯಬಾರದು ಎಂದುಕೊಳ್ಳುತ್ತಲೇ ಅವಳು ಬಾಗಿಲ ಕಡೆ ತಿರುಗಿದಳು. ಅಷ್ಟರಲ್ಲಿ ಎಲ್ಲರೂ ಎದ್ದು ಸಭಾಕೊಠಡಿಯ ಕಡೆ ಹೊರಟಿದ್ದರು. ಪ್ರಬಂಧ ಒಪ್ಪಿತವಾದ ಸಂತೋಷಕ್ಕೆ ದೊಡ್ಡವರು ಕೇಕ್ ತರಿಸಿದ್ದರು.

ದೊಡ್ಡವರೆಂದರೆ ವಿಭಾಗದ ಮುಖ್ಯಸ್ಥರು. ಎತ್ತರವಾಗಿರಲಿಲ್ಲ, ದನಿಯೂ ದೊಡ್ಡದಲ್ಲ. ಆದರೆ ಅವರು ಕೋಣೆಗೆ ಬಂದರೆ ಉಳಿದವರು ತಂತಾವೇ ಸಣ್ಣಗಾಗುತ್ತಿದ್ದರು. ಕಿಡ್ನಿ ವಾರ್ಡಿನ ಡಾಕ್ಟರಮ್ಮನೂ ಬಂದಿದ್ದರು, ಕುತ್ತಿಗೆಗೆ ಸ್ಟೆತಾಸ್ಕೋಪು, ಕೈಯಲ್ಲಿ ಪೇಪರ್ ತಟ್ಟೆ. ದೊಡ್ಡವರು ಚಾಕುವನ್ನು ಅವಳ ಕಡೆ ಚಾಚಿದರು. "ಗೆರೆ ಎಳೆಯೋದು ಇವರ ಕೆಲಸ ನೋಡಿ. ಕೇಕಿಗೂ ಇವರೇ ಎಳೀಲಿ." ಎಲ್ಲರೂ ನಕ್ಕರು. ಚಿತ್ರಗಾರ ಎಲ್ಲರಿಗಿಂತ ಮೊದಲು ನಕ್ಕ. ಅವಳ ಬಾಯಲ್ಲಿ ಒಂದು ಮಾತು ಎದ್ದು ನಿಂತಿತ್ತು, ಆ ಮಾತು ಇಲ್ಲಿ, ಇಷ್ಟು ಜನರ ಎದುರು ಬೀಳಬೇಕಿತ್ತು. ಆದರೆ ಕೈ ಮಾತ್ರ ಚಾಕು ಹಿಡಿದು, ಬಿಳಿ ಕೆನೆಯ ಮೇಲೆ ನೇರವಾಗಿ, ಎಲ್ಲರಿಗೂ ಸಮಪಾಲು ಬರುವ ಹಾಗೆ ಗೆರೆಗಳನ್ನು ಎಳೆಯಿತು. ಚಪ್ಪಾಳೆ ಬಿತ್ತು. ತಾನು ಕೇಕ್ ಕತ್ತರಿಸುತ್ತಿರುವುದನ್ನು ಅವಳು ಹೊರಗೆ ನಿಂತು ನೋಡಿದಂತೆ ನೋಡಿದಳು, ಥೂ ಎನಿಸಿತು.

"ಬರೋ ವಾರದಿಂದ ಶುರು ಮಾಡೋಣ ಅಂತ ಇದೀವಿ," ಡಾಕ್ಟರಮ್ಮ ಯಾರಿಗೋ ಹೇಳುತ್ತಿದ್ದರು. "ಒಂದಷ್ಟು ಜನ ಒಪ್ಪಿದ್ದಾರೆ. ನಿಮ್ಮ ಟೆಸ್ಟಲ್ಲಿ ನಂಬರ್ ಜಾಸ್ತಿ ಬಂದೋರಿಗೆ ಮಾತ್ರೆ ಇಳಿಸ್ತಾ ಹೋಗೋದು. ಪಾಪ, ಆ ಮಾತ್ರೆ ನುಂಗಿ ನುಂಗಿ ಬೇಸತ್ತಿದ್ದಾರೆ."

ಅವಳು ಬಾಯಿಗಿಡಲಿದ್ದ ತುಂಡನ್ನು ತಟ್ಟೆಗೆ ಹಾಕಿದಳು.

ತಟ್ಟೆಗಳು ಕಸದ ಬುಟ್ಟಿಗೆ ಬಿದ್ದ ಮೇಲೆ ಅವಳು ದೊಡ್ಡವರ ಹಿಂದೆಯೇ ಅವರ ಕೋಣೆಗೆ ಹೋದಳು. ಅವರು ಕೂರಲು ಹೇಳಿದರು, ನೀರು ಬೇಕೇ ಎಂದು ಕೇಳಿದರು, ಅವಳು ಹೇಳಿದ್ದನ್ನು ಕೊನೆಯವರೆಗೆ ಮಧ್ಯೆ ಬಾಯಿಹಾಕದೆ ಕೇಳಿಸಿಕೊಂಡರು. ಅದೇ ಅವಳಿಗೆ ಹೆಚ್ಚು ಅವಮಾನವೆನಿಸಿತು, ಅವರು ಕೂಗಾಡಿದ್ದರೆ ತಾನೂ ಕೂಗಾಡಬಹುದಿತ್ತು.

"ನೋಡಮ್ಮ," ಎಂದರು. "ಫಲಿತಾಂಶ ನಿಜಾನೇ. ಮೂವತ್ತು ವರ್ಷ ಈ ರೋಗಿಗಳನ್ನ ನೋಡಿರೋನು ನಾನು, ನನಗೆ ಗೊತ್ತು. ಚಿತ್ರ ಸ್ವಲ್ಪ ತಲೆ ಬಾಚ್ಕೊಂಡು ಬಂದಿದೆ, ಅಷ್ಟೆ. ಫೋಟೋ ತೆಗೆಸ್ಕೊಳ್ಳೋವಾಗ ನೀನು ತಲೆ ಬಾಚ್ಕೊಳ್ಳಲ್ವಾ?"

"ಅವು ಸತ್ತ ಕೋಶಗಳು ಸಾರ್."

"ಒಂದಿಷ್ಟು ಇರಬಹುದು."

"ಗೆರೆ ಒಂದು ಕಡೆ ಮಾತ್ರ ಇಳಿಸಿದೀರಿ."

"ಅದಕ್ಕೇನೀಗ? ನಿನ್ನ ಗೆರೇನೂ ನೀನು ಎಳೆದದ್ದೇ ತಾನೆ? ಅದನ್ನೇನು ಕೋಶಗಳು ಬಂದು ಎಳೆದು ಹೋದ್ವಾ? ನೀನೊಂದು ಕಡೆ ಎಳೆದೆ, ನಾನೊಂದು ಕಡೆ ಎಳೆದೆ. ನನಗೆ ನಿನಗಿಂತ ಸ್ವಲ್ಪ ಹೆಚ್ಚು ಅನುಭವ ಇದೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಕಣ್ಣುಗಳು ದಣಿದಿದ್ದವು, ಮುದಿಯಾಗಿದ್ದವು. "ಈ ಪ್ರಬಂಧ ಬರದಿದ್ರೆ ಯೋಜನೆ ನಿಂತುಹೋಗತ್ತೆ. ಯೋಜನೆ ನಿಂತ್ರೆ ನಿನ್ನ ಯಂತ್ರಾನೂ ನಿಲ್ಲತ್ತೆ. ಕರಡು ಓದಿ, ಸರಿಯಾಗಿದೆ ಅಂತ ಕಳಿಸಿಬಿಡು. ಜಾಣೆ ನೀನು."

ಮೆಟ್ಟಿಲಿಳಿಯುವಾಗ ಅವಳಿಗೆ ಉತ್ತರ ಹೊಳೆಯಿತು. ತಲೆ ಬಾಚಿಕೊಳ್ಳುತ್ತೇನೆ ಸಾರ್, ಬೇರೆಯವರ ತಲೆ ತಂದು ಕತ್ತಿನ ಮೇಲೆ ಇಟ್ಟುಕೊಳ್ಳುವುದಿಲ್ಲ. ಅವಳು ಮೆಟ್ಟಿಲ ಮೇಲೇ ನಿಂತು ಅದನ್ನು ಬಾಯಿಬಿಟ್ಟು ಹೇಳಿದಳು, ಎದುರಿನಿಂದ ಬಕೆಟ್ ಹಿಡಿದು ಬರುತ್ತಿದ್ದವಳು ಸರಿದು ದಾರಿ ಬಿಟ್ಟಳು. ಆದರೆ ಆ ಇನ್ನೊಂದು ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತ್ತು. ನಿನ್ನ ಗೆರೆಯೂ ನೀನು ಎಳೆದದ್ದೇ. ಹೌದಲ್ಲ. ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಕಳ್ಳನೂ ಕೈಯಿಂದ ಬೀಗ ತೆಗೆಯುತ್ತಾನೆ, ಮನೆಯವನೂ ಕೈಯಿಂದಲೇ ತೆಗೆಯುತ್ತಾನೆ, ಹಾಗಾದರೆ ಇಬ್ಬರೂ ಒಂದೇ ಎಂದ ಹಾಗೆ! ಇಂಥ ಮಾತಿಗೆ ತಾನು ಮಿಕಮಿಕ ನೋಡುತ್ತ ಕೂತದ್ದು ನೆನೆದು ಅವಳಿಗೆ ಮೈಯೆಲ್ಲ ಉರಿಯಿತು. ಅಪ್ಪನೂ ಹೀಗೇ ವಾದ ಮಾಡುತ್ತಿದ್ದರು. ಅಮ್ಮ ಏನು ಹೇಳಿದರೂ ಅದರ ಕೊನೆಯ ಪದವನ್ನು ಹಿಡಿದೆಳೆದು, ಇಡೀ ಮಾತು ಬಿಚ್ಚಿಹೋಗುವ ಹಾಗೆ ಮಾಡಿ, ಆಮೇಲೆ ಪೇಪರು ಓದುತ್ತಿದ್ದರು. ಅಮ್ಮ ಬಿಚ್ಚಿಹೋದ ಮಾತಿನ ಎಳೆಗಳನ್ನು ಹಿಡಿದು ಒಲೆಯ ಮುಂದೆ ನಿಂತಿರುತ್ತಿದ್ದಳು. ಎಲ್ಲ ಗೆರೆಗಳೂ ಮನುಷ್ಯನವೇ ಸಾರ್. ಆದರೆ ಒಂದನ್ನು ಉತ್ತರ ಗೊತ್ತಾಗುವ ಮೊದಲು ಎಳೆದದ್ದು, ಎಲ್ಲರಿಗೂ ಎಳೆದದ್ದು, ಯಾಕೆ ಎಳೆದೆವೆಂದು ತೋರಿಸಿ ಎಳೆದದ್ದು. ಇನ್ನೊಂದನ್ನು ಉತ್ತರ ನೋಡಿಕೊಂಡು, ಒಬ್ಬನಿಗಾಗಿ, ಅಳತೆಯನ್ನು ಬಚ್ಚಿಟ್ಟು.

ಮಧ್ಯಾಹ್ನ ಅವಳು ಊಟಕ್ಕೆ ಹೋಗಲಿಲ್ಲ. ಎಲ್ಲ ರೋಗಿಗಳ ಫೈಲುಗಳನ್ನೂ ತೆರೆದು, ಸತ್ತವನ್ನು ಹೊರಹಾಕಿ, ಒಂದೇ ಗೆರೆಯನ್ನು ಎಲ್ಲರ ಮೇಲೂ ಇಟ್ಟಳು. ಒಬ್ಬೊಬ್ಬ ರೋಗಿಗೆ ಒಂದೊಂದು ಚುಕ್ಕಿಯಂತೆ ಎರಡು ಸಾಲು ಮಾಡಿದಳು. ಯಾರನ್ನೂ ಪ್ರತಿನಿಧಿ ಮಾಡಲಿಲ್ಲ, ಯಾರನ್ನೂ ಮರೆಮಾಡಲಿಲ್ಲ. ಅಂಚಿನಲ್ಲಿ ಅಳತೆ ಬರೆದಳು. ಎಷ್ಟು ಕೋಶಗಳನ್ನು ಎಣಿಸಿ ಈ ಶೇಕಡಾ ಬಂತೆಂದು ಬರೆದಳು, ಏಕೆಂದರೆ ಕೆಲವರಲ್ಲಿ ಬದುಕುಳಿದ ಕೋಶಗಳು ಒಂದು ಹಿಡಿಯಷ್ಟೂ ಇರಲಿಲ್ಲ, ಶೇಕಡಾ ಎಂಬ ಮಾತೇ ಅಲ್ಲಿ ಜಂಬದ್ದಾಗಿತ್ತು. ಬಣ್ಣ ಹಾಕದ ಟ್ಯೂಬಿನ ಚೌಕವನ್ನು ಎಲ್ಲಕ್ಕಿಂತ ಮೊದಲು ಇಟ್ಟಳು, ಗೆರೆ ಎಲ್ಲಿಂದ ಬಂತೆಂದು ಯಾರು ಬೇಕಾದರೂ ನೋಡಲಿ. ಚಿತ್ರ ಚೆಂದವಾಗಿರಲಿಲ್ಲ. ಎರಡು ಸಾಲುಗಳೂ ಒಂದರೊಳಗೊಂದು ನುಗ್ಗಿ, ಸಂತೆಯಲ್ಲಿ ಬೆರೆತ ಎರಡು ಮನೆಯ ಜನರ ಹಾಗೆ, ಯಾರು ಯಾರ ಕಡೆಯವರೆಂದು ಹೇಳಲಾಗುತ್ತಿರಲಿಲ್ಲ. ಒಪ್ಪಿಕೊಂಡವರ ಸಾಲು ಒಂದು ಕೂದಲು ಮೇಲಿತ್ತೇನೋ. ಇತ್ತು ಎನ್ನಬಹುದು. ಆ ಒಂದು ಕೂದಲನ್ನು ನಂಬಿ ಒಬ್ಬ ಮನುಷ್ಯನ ಮಾತ್ರೆ ನಿಲ್ಲಿಸಲಾಗುತ್ತಿರಲಿಲ್ಲ. ತನಗೂ ಅದು ಇರಲಿ ಎಂದು ಎಷ್ಟು ಆಸೆಯಿತ್ತೆಂಬುದು ಆಗ ಅವಳಿಗೆ ತಿಳಿಯಿತು.

ವಾರ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಡಾಕ್ಟರಮ್ಮ ನಿಂತುಕೊಂಡೇ ಚಹಾ ಕುಡಿಯುತ್ತಿದ್ದರು. ಅವಳು ಲ್ಯಾಪ್‌ಟಾಪನ್ನು ಔಷಧಿ ಡಬ್ಬಗಳ ಮೇಲೆಯೇ ಇಟ್ಟು ಬಿಚ್ಚಿದಳು. ಮೊದಲು ಅಚ್ಚಿನ ಚಿತ್ರ, ಆಮೇಲೆ ತನ್ನದು. ಸತ್ತ ಕೋಶಗಳಿಗೆ ಕೆಂಪು ಬಣ್ಣ ಕೊಟ್ಟಾಗ ಅಚ್ಚಿನ ಚಿತ್ರದ ಬಲಗಡೆ, ಇಳಿಸಿದ ಗೆರೆಯ ಮೇಲೆ ಕಿಕ್ಕಿರಿದು ಕೂತಿದ್ದ ನೀಲಿಯೆಲ್ಲ ಹೆಚ್ಚುಕಡಿಮೆ ಕೆಂಪಾಯಿತು. ಡಾಕ್ಟರಮ್ಮ ಲೋಟವನ್ನು ಕೆಳಗಿಟ್ಟರು.

"ಇದನ್ನ ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕಂತಿದ್ದೆ."

"ಕೇಕ್ ಕತ್ತರಿಸ್ತಾ ಇದ್ರಿ."

ಅವಳು ಪರದೆಯನ್ನು ಅವರ ಕಡೆ ಇನ್ನಷ್ಟು ತಿರುಗಿಸಿದಳು.

"ನಾನು ಆ ಜನಕ್ಕೆ ಮಾತು ಕೊಟ್ಟಿದೀನಿ ಗೊತ್ತಾ? ಒಬ್ಬೊಬ್ಬರ ಮಂಚದ ಹತ್ರಾನೂ ಹೋಗಿ, ಕೈ ಹಿಡ್ಕೊಂಡು." ಡಾಕ್ಟರಮ್ಮನ ದನಿ ಏರಿತು, ಬಾಗಿಲಾಚೆ ಯಾರೋ ಇಣುಕಿದರು. "ನಾನು ಓದಿದ್ದು ರೋಗಿ ನೋಡೋದಕ್ಕೆ ರೀ. ನಿಮ್ಮ ಚುಕ್ಕಿ ನನಗೆ ಅರ್ಥ ಆಗಲ್ಲ. ನೀವು ಏನು ಗೆರೆ ಎಳೀತೀರೋ ಅದನ್ನೇ ನಂಬ್ಕೊಂಡು ನಾನು ಔಷಧಿ ನಿಲ್ಲಿಸೋಳು." ಆಮೇಲೆ ದನಿ ತಗ್ಗಿತು. "ಪೇಪರಲ್ಲಿ ಬಂದಾಗಿಂದ ದಿನಾ ಕೇಳ್ತಾರೆ, ನನಗೆ ಯಾವಾಗ ಇಳಿಸ್ತೀರಿ, ನನಗೆ ಯಾವಾಗ ಅಂತ. ಏನಂತ ಹೇಳ್ಲಿ ಈಗ? ಹೋಗ್ಲಿ ಬಿಡಿ, ಮಾತ್ರೆ ಇಳಿಸೋದನ್ನ ನಾನೇ ನಿಲ್ಲಿಸ್ತೀನಿ. ನೀವು ನಿಮ್ಮ ಕಡೆಯದು ನೋಡ್ಕೊಳ್ಳಿ."

ಅವಳು ಯಂತ್ರದ ಕೋಣೆಗೆ ವಾಪಸು ಬಂದು ಪತ್ರಿಕೆಯವರಿಗೆ ಬರೆದಳು. ಅಕ್ಷರದೋಷವಿಲ್ಲ, ಮೂರನೆಯ ಚಿತ್ರ ಮಾತ್ರ ತಪ್ಪು, ಅಚ್ಚು ನಿಲ್ಲಿಸಿ, ಸರಿಯಾದ ಚಿತ್ರವನ್ನೂ ಮೂಲ ಫೈಲುಗಳನ್ನೂ ಲಗತ್ತಿಸಿದ್ದೇನೆ. ದೊಡ್ಡವರಿಗೂ ಒಂದು ಪ್ರತಿ ಹೋಗುವಂತೆ ಮಾಡಿದಳು, ಬೆನ್ನ ಹಿಂದೆ ಮಾಡಿದಳೆಂದು ಹೇಳುವುದು ಬೇಡ. ಕಳಿಸಿದ ಮೇಲೆ ಹಗುರವಾಗಬಹುದೆಂದುಕೊಂಡಿದ್ದಳು. ಆಗಲಿಲ್ಲ. ಯಾರ ಮೇಲೋ ಇನ್ನೂ ಕೂಗಾಡಬೇಕಿತ್ತು.

ಬಸ್ಸಿನಲ್ಲಿ ಕೂತಾಗ ಡಾಕ್ಟರಮ್ಮನ ಮಾತು ಮತ್ತೆ ಕಿವಿಗೆ ಬಿತ್ತು, ಪೇಪರಲ್ಲಿ ಬಂದಾಗಿಂದ. ಪ್ರಬಂಧ ಒಪ್ಪಿತವಾಗುವ ಮೊದಲೇ ದಿನಪತ್ರಿಕೆಯಲ್ಲಿ ಬಂದದ್ದು ದೊಡ್ಡವರ ಫೋಟೋ, ಯಂತ್ರದ ಮೇಲೆ ಕೈಯಿಟ್ಟುಕೊಂಡು. 'ಇನ್ನು ಜೀವನಪೂರ್ತಿ ಮಾತ್ರೆ ಬೇಕಿಲ್ಲ' ಎಂದು ಮೇಲೆ ದಪ್ಪಕ್ಷರ. ಅದನ್ನು ಭಾವ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಇದು ನಿಮ್ಮದೇ ಟೆಸ್ಟಾ ಪುಟ್ಟಿ ಎಂದು ಕೇಳಿದ್ದ, ನಲವತ್ತು ದಾಟಿದ ಅವಳನ್ನು ಇನ್ನೂ ಪುಟ್ಟಿ ಎಂದೇ ಕರೆಯುತ್ತ. ನಮ್ಮದೇ ಭಾವ, ನನ್ನ ಹೆಸರೂ ಬರುತ್ತೆ ಎಂದಿದ್ದಳು. ಅಂದು ಅವಳ ದನಿಯಲ್ಲಿ ಎಷ್ಟು ಹಿಗ್ಗಿತ್ತು! ಭಾವನ ಎರಡು ಕಿಡ್ನಿಯೂ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ಅಕ್ಕ. ಡಾಕ್ಟರು ಅಪಾಯಗಳನ್ನು ವಿವರಿಸುತ್ತಿದ್ದರೆ, ಸಹಿ ಎಲ್ಲಿ ಹಾಕಬೇಕು ಅಷ್ಟು ಹೇಳಿ ಎಂದು ಕೇಳಿದ್ದಳು. ಅವಳು ತನ್ನ ನಿಲ್ದಾಣ ಬರುವ ಮೊದಲೇ, ಅಕ್ಕನ ಮನೆಯ ತಿರುವಿನಲ್ಲಿ ಇಳಿದುಬಿಟ್ಟಳು.

ಬಾಗಿಲು ತೆಗೆದದ್ದು ಭಾವ. ಮುಖ ಕಳೆಯಾಗಿತ್ತು, ಮಾತ್ರೆಯಿಂದ ಬಂದಿದ್ದ ಕೆನ್ನೆಯ ಊತ ಇಳಿದು ಮದುವೆಯ ಫೋಟೋದಲ್ಲಿದ್ದ ಗದ್ದ ಮತ್ತೆ ಕಾಣಿಸಿಕೊಂಡಿತ್ತು. ನೋಡಿ ಅವಳಿಗೆ ಒಂದು ಕ್ಷಣ ಹಾಯೆನಿಸಿತು. ಅಕ್ಕ ಒಳಗಿನಿಂದಲೇ ಚಹಾ ಇಡಲೇ ಎಂದು ಕೂಗಿದಳು.

"ಭಾವ, ಆ ಟೆಸ್ಟು ಇಲ್ಲ," ಅವಳು ನಿಂತಲ್ಲೇ ಹೇಳಿದಳು. "ಪೇಪರಲ್ಲಿ ಬಂದಿದ್ದು ಸರಿಯಿಲ್ಲ. ಅದನ್ನ ನಂಬಬೇಡಿ."

"ಇಲ್ಲ ಅಂದ್ರೆ? ತಡ ಆಗತ್ತಾ?"

"ಇಲ್ಲ ಅಂದ್ರೆ ಇಲ್ಲ. ಯಾರಿಗೆ ಮಾತ್ರೆ ಇಳಿಸಬಹುದು ಅಂತ ಆ ಟೆಸ್ಟ್ ನೋಡಿ ಹೇಳಕ್ಕಾಗಲ್ಲ."

ಭಾವ ನಕ್ಕ. "ಸುಮ್ನಿರು. ನನ್ನ ಮುಖ ನೋಡು. ಎಲ್ಲಿದೆ ಊತ? ಅರ್ಧ ಮಾಡಿ ತಿಂಗಳಾಯ್ತು, ಕುದುರೆ ಹಾಗಿದೀನಿ."

"ಏನು ಅರ್ಧ?"

"ಮಾತ್ರೆ. ಹೇಗೂ ನಿಮ್ಮ ಟೆಸ್ಟ್ ಬರತ್ತಲ್ಲ, ಅಷ್ಟರೊಳಗೆ ಮೈಗೆ ಅಭ್ಯಾಸ ಆಗಿರ್ಲಿ ಅಂತ."

ಒಳಗೆ ಪಾತ್ರೆಯ ಸದ್ದು ನಿಂತಿತು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದಳು, ಒದ್ದೆ ಕೈ ಹಾಗೇ ಇಳಿಬಿಟ್ಟುಕೊಂಡು. ಅವಳಿಗೂ ಗೊತ್ತಿರಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಯಾರನ್ನ ಕೇಳಿ ಮಾಡಿದ್ರಿ?" ಬೆಳಗಿನಿಂದ ಎಲ್ಲಿಯೂ ಹೊರಬೀಳದ ದನಿ ಇಲ್ಲಿ, ಈ ಬಡಪಾಯಿಯ ಮೇಲೆ ಹೊರಬಿತ್ತು. "ಡಾಕ್ಟರಿಗೆ ಹೇಳಿದ್ರಾ? ಅಕ್ಕಂಗೆ ಹೇಳಿದ್ರಾ? ಅರ್ಧ ಮಾಡೋಕೆ ಅದೇನು ಬಿಸ್ಕತ್ತಾ?"

"ಯಾರನ್ನ ಕೇಳ್ಬೇಕು? ನನ್ನ ದೇಹ." ಭಾವನಿಗೂ ರೇಗಿತು. "ಆ ಮಾತ್ರೆ ನುಂಗೋದು ನೀನಲ್ಲ. ಬೆಳಿಗ್ಗೆ ಎದ್ರೆ ಕೈ ನಡುಗತ್ತೆ, ಕನ್ನಡೀಲಿ ಯಾರದೋ ಮುಖ. ಒಬ್ಬ ಮನುಷ್ಯ ಸ್ವಲ್ಪ ಗೆಲುವಾದ್ರೆ ನಿನಗೇನೇ ಕಷ್ಟ? ನೀನೇ ಹೇಳಿದ್ದಲ್ವಾ, ನನ್ನ ಹೆಸರೂ ಬರತ್ತೆ ಅಂತ?"

ನನ್ನ ದೇಹ ಎಂದಾಗ ಅಕ್ಕ ಗಂಡನನ್ನು ನೋಡಿದಳು. ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಯನ್ನೇ ತೆಗೆದು ಮತ್ತೆ ತೊಳೆಯತೊಡಗಿದಳು. ತಂಗಿ ನಿಂತಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಇವತ್ತಿನದು ಪೂರ್ತಿ ನುಂಗಿಸಿ, ಬೆಳಿಗ್ಗೆ ಕರ್ಕೊಂಡು ಬನ್ನಿ, ರಕ್ತ ನೋಡಬೇಕು ಎಂದರು. ಭಾವ ಮುಖ ತಿರುಗಿಸಿಕೊಂಡು, ನೀರಿನ ಲೋಟ ತಂದ ಅಕ್ಕನೂ ಸೇರಿ ಇಬ್ಬರು ಹೆಂಗಸರ ಎದುರು, ಮಾತ್ರೆಯನ್ನು ಅರ್ಧ ಮಾಡದೆ ನುಂಗಿದ. ಗಂಟಲುಮಣಿ ಏರಿ ಇಳಿಯುವವರೆಗೂ ಅವಳು ನೋಡುತ್ತ ನಿಂತಿದ್ದಳು. ಹಾಗೆ ನಿಂತದ್ದಕ್ಕೆ ನಾಚಿಕೆಯಾಯಿತು, ಆದರೂ ನಿಂತಿದ್ದಳು.

ಬೆಳಿಗ್ಗೆ ರಕ್ತ ಕೊಟ್ಟ ಮೇಲೆ ಮೂವರೂ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತರು, ಅಕ್ಕ ಆ ತುದಿ, ಅವಳು ಈ ತುದಿ, ನಡುವೆ ಭಾವ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು. ಸಂಶೋಧನಾ ಪತ್ರಿಕೆಯವರ ಉತ್ತರ ಬಂದಿತ್ತು. ಮೂಲ ಫೈಲುಗಳನ್ನು ಪರಿಶೀಲಿಸುವವರೆಗೆ ಪ್ರಬಂಧವನ್ನು ತಡೆಹಿಡಿಯಲಾಗಿದೆ ಎಂದು ಎರಡೇ ಸಾಲು. ಅವಳು ಅದನ್ನು ಓದಿ ಫೋನನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಮೊಗಸಾಲೆಯ ತಿರುವಿನಲ್ಲಿ ದೊಡ್ಡವರು ಕಾಣಿಸಿಕೊಂಡರು. ಅವರಿಗೂ ಅದು ಬಂದಿತ್ತೆಂಬುದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

"ಇಲ್ಲಿ ಕೂತಿದೀಯಾ," ಎಂದರು, ದನಿ ಏರಿಸದೆ. "ಮೇಲೆ ಬಾ, ಮಾತಾಡೋದಿದೆ."

ಭಾವ ಅವರನ್ನು ಗುರುತಿಸಿ ಎದ್ದು ನಿಂತಿದ್ದ. ಫ್ರಿಜ್ಜಿನ ಮೇಲೆ ದಿನಾ ನೋಡಿದ ಮುಖ. "ಸಾರ್, ನೀವೇ ಅಲ್ವಾ," ಎಂದ, ಎಲ್ಲ ಮರೆತು, ಹಿಗ್ಗಿನಿಂದ.

"ಸಾರ್, ಇವರು ನಮ್ಮ ಭಾವ," ಅವಳು ಕೂತಲ್ಲಿಂದಲೇ ಹೇಳಿದಳು. "ಅಕ್ಕನ ಕಿಡ್ನಿ ಹಾಕಿದಾರೆ. ಪೇಪರಲ್ಲಿ ನಿಮ್ಮ ಮಾತು ಓದಿ ತಿಂಗಳಿಂದ ಅರ್ಧ ಮಾತ್ರೆ ನುಂಗ್ತಿದಾರೆ."

ದೊಡ್ಡವರು ಭಾವನ ಮುಖ ನೋಡಿದರು. ಮೂವತ್ತು ವರ್ಷ ರೋಗಿಗಳನ್ನು ನೋಡಿದ ಕಣ್ಣು, ಮಾತ್ರೆ ಕಡಿಮೆಯಾಗಿ ಊತ ಇಳಿದ ಆ ಕೆನ್ನೆಯನ್ನು ಕಾಣದಂತಿರಲು ಅದಕ್ಕೆ ಆಗಲಿಲ್ಲ. "ಯಾರು ಹೇಳಿದ್ರು ನಿಮಗೆ ಇಳಿಸೋಕೆ?" ಎಂದರು ಗಾಬರಿಯಾಗಿ. "ಟೆಸ್ಟೇ ಮಾಡಿಸ್ದೆ! ಡಾಕ್ಟರನ್ನ ಕೇಳ್ದೆ!"

ಭಾವ ತಬ್ಬಿಬ್ಬಾದ. ಸುತ್ತ ನೋಡಿ, ಬೇರೆ ದಾರಿ ಕಾಣದೆ, ಬೆರಳನ್ನು ಅವಳ ಕಡೆ ತೋರಿಸಿದ. "ಇವಳೇ," ಎಂದ. "ಇವಳ ಹೆಸರಿದೆ ಅಂದ್ಲು."

ಅವಳು ಎದ್ದಳು. ಆ ಬೆರಳು ಇನ್ನೂ ಅವಳ ಕಡೆಯೇ ಇತ್ತು. ಅದನ್ನು ಸರಿಸಬೇಕೆಂದು ಅನಿಸಲಿಲ್ಲ. "ಹೌದು ಸಾರ್. ನನ್ನ ಹೆಸರಿದೆ, ನಿಮ್ಮದೂ ಇದೆ. ಇವರು ನಮ್ಮಿಬ್ಬರನ್ನೂ ನಂಬಿದ್ರು."

ದೊಡ್ಡವರು ಗೋಡೆಗೆ ಕೈಕೊಟ್ಟು ನಿಂತರು. "ಚಿತ್ರ ಬದಲಾಯಿಸೋಣಮ್ಮ, ಮೇಲೆ ಬಾ," ಎಂದರು, ಅವರ ದನಿ ನಿಜಕ್ಕೂ ಸಣ್ಣದಾಗಿತ್ತು.

"ಬದಲಾಯಿಸಿ ಕಳ್ಸಿ ಆಯ್ತು ಸಾರ್."

ಅಷ್ಟರಲ್ಲಿ ಒಳಗಿನಿಂದ ಕರೆದರು. ಅವಳು ದೊಡ್ಡವರಿಗೆ ಬೆನ್ನು ಮಾಡಿ ಭಾವನ ತೋಳು ಹಿಡಿದಳು. ಇನ್ನೂ ಇಳಿಯದ ಸಿಟ್ಟಿನಲ್ಲಿ ಹಿಡಿತ ಬಿಗಿಯಾಗಿ ಭಾವ ಹಾ ಎಂದ. ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ಓದಿದರು. ನಿನ್ನೆಯಿಂದ ಒಂದು ಮಾತೂ ಆಡದಿದ್ದ ಅಕ್ಕ ಕುರ್ಚಿಯ ಅಂಚಿಗೆ ಸರಿದು ಕೇಳಿದಳು.

"ಡಾಕ್ಟ್ರೇ, ನನ್ನ ಕಿಡ್ನಿ ಹೇಗಿದೆ?"

ಡಾಕ್ಟರಮ್ಮ ತಲೆಯೆತ್ತಿ ಅವಳನ್ನು ನೋಡಿದರು, ಆಮೇಲೆ ತಲೆ ತಗ್ಗಿಸಿ ಕೂತಿದ್ದ ಗಂಡಸನ್ನು ನೋಡಿದರು.

"ನೊಂದಿದೆ," ಎಂದರು. "ಆದ್ರೆ ಉಳ್ಕೊಳ್ಳತ್ತೆ."